ಬಸ್ಸಿರುವ ಕಡೆ

ಹೊಸ ವರ್ಷದ ಬೆಳಿಗ್ಗೆ ನಮ್ಮ ಸಭೆಯಲ್ಲಿ ವಾಗ್ದಾನ ಎತ್ತುವ ರೂಢಿಯಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ದೇವರು ಕೊಟ್ಟ ಮಾತುಗಳನ್ನು ಸಣ್ಣ ಸಣ್ಣ ಚೀಟಿಗಳಲ್ಲಿ ಅಚ್ಚು ಹಾಕಿಸಿ, ಮಡಚಿ, ಕಾಣಿಕೆ ತಟ್ಟೆಯಲ್ಲಿ ಇಟ್ಟಿರುತ್ತಾರೆ. ಆರಾಧನೆ ಮುಗಿದ ಮೇಲೆ ಮನೆಗೊಬ್ಬರು ಹೋಗಿ ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಂದದ್ದು ಆ ವರ್ಷ ಆ ಮನೆಗೆ ದೇವರು ಕೊಟ್ಟ ಮಾತು. ಇಷ್ಟವಾಗಲಿಲ್ಲ ಎಂದು ತಟ್ಟೆಗೆ ವಾಪಸು ಹಾಕುವಂತಿಲ್ಲ. ಮನೆಗೆ ತಂದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಇನ್ನೊಂದು ನಿಯಮವಿದೆ, ಅದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ: ಆ ಮಾತಿಗೆ ಎದುರಾಗುವ ಮಾತು ವರ್ಷವಿಡೀ ಆ ಮನೆಯವರ ಬಾಯಲ್ಲಿ ಬರಕೂಡದು. ಬಂದರೆ ಅದು ಅವಿಶ್ವಾಸ.

ಸಭೆ ಅಂದರೆ ದೊಡ್ಡ ಮಂದಿಯೇನಲ್ಲ. ಹುಬ್ಬಳ್ಳಿಯ ಕಡೆಯಿಂದ ಚೆನ್ನೈಯ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು. ಚರ್ಚು ತಮಿಳರದ್ದು, ಅವರ ಆರಾಧನೆ ಮುಗಿದ ಮೇಲೆ ನಮಗೆ ಬಿಟ್ಟುಕೊಡುತ್ತಾರೆ. ನಮ್ಮ ಹಾಡು ಕನ್ನಡ, ಪ್ರಸಂಗ ಕನ್ನಡ, ಹೊರಗೆ ಬಂದು ಚಪ್ಪಲಿ ಹುಡುಕುವಾಗ ಮಾತ್ರ ಎಲ್ಲರೂ ತಮಿಳು. ಮಕ್ಕಳಿಗೆ ಕನ್ನಡ ಓದಲು ಬಾರದು, ಹಾಗಾಗಿ ವಾಗ್ದಾನದ ಚೀಟಿಯ ಹಿಂದುಗಡೆ ತಮಿಳಿನಲ್ಲೂ ಅಚ್ಚು ಹಾಕಿಸುತ್ತಾರೆ.

ಆ ವರ್ಷ ನಮ್ಮ ಮನೆಯ ಚೀಟಿ ಎತ್ತಿದವರು ನನ್ನ ಗಂಡ. ರೈಲು ಬೋಗಿಗಳಿಗೆ ಬಣ್ಣ ಹಚ್ಚುವ ಕೆಲಸದಲ್ಲಿದ್ದು ನಿವೃತ್ತರಾಗಿದ್ದರು. ಕ್ರಿಸ್‌ಮಸ್‌ಗೆ ಸ್ವಲ್ಪ ಮುಂಚೆ ಅವರ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಗಿತ್ತು. ಲಿವರ್‌ಗೂ ಹಬ್ಬಿದೆ, ಕೊಯ್ದು ತೆಗೆಯುವ ಹಂತ ದಾಟಿದೆ ಎಂದು ಡಾಕ್ಟರು ಹೇಳಿಯಾಗಿತ್ತು. ಅವರು ಚೀಟಿ ಬಿಚ್ಚಿ ಓದಿ ನನ್ನ ಕೈಗೆ ಕೊಟ್ಟರು. ದೀರ್ಘಾಯುಷ್ಯದ ಮಾತು ಬಂದಿತ್ತು.

ಪಕ್ಕದಲ್ಲೇ ನಿಂತಿದ್ದ ಸಭೆಯ ಹಿರಿಯರು ಬಗ್ಗಿ ಓದಿಕೊಂಡು ದೇವರಿಗೆ ಸ್ತೋತ್ರ ಎಂದು ಕೂಗಿಯೇ ಬಿಟ್ಟರು. ಅವರು ರೈಲ್ವೆಯಲ್ಲಿ ಗಾರ್ಡಾಗಿದ್ದವರು, ಗಂಟಲು ಪ್ಲಾಟ್‌ಫಾರ್ಮಿನ ಆ ತುದಿಗೂ ಕೇಳುವಂಥದ್ದು. "ನೋಡಿದಿ ತಂಗಿ? ಡಾಕ್ಟರಂದು ಒಂದು ಮಾತು, ದೇವ್ರಂದು ಒಂದು ಮಾತು. ಯಾವುದು ಹಿಡೀತಿ ಈಗ?" ಎಂದರು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನಾನೂ ನಂಬಿದೆ. ಮನೆಗೆ ಬರುವ ದಾರಿಯಲ್ಲಿ ಒಂದು ಕಿಲೋ ಮಟನ್ ತೆಗೆದುಕೊಂಡು ಬಂದೆವು.

ಅಂದಿನಿಂದ ನಮ್ಮ ಮನೆಯಲ್ಲಿ ಕಾಯಿಲೆಯ ಹೆಸರು ಎತ್ತುವವರಿಲ್ಲವಾದರು. ಪ್ರತಿ ಬುಧವಾರ ಸಂಜೆ ಹಿರಿಯರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಪ್ರಾರ್ಥನೆ ಮಾಡುತ್ತಿದ್ದರು. ಗುಣಮಾಡು ಎಂದು ಬೇಡುವುದಲ್ಲ, ಗುಣಮಾಡಿದ್ದಕ್ಕೆ ಸ್ತೋತ್ರ ಎಂದು ಹೇಳುವ ಪ್ರಾರ್ಥನೆ. ನನ್ನ ಗಂಡ ಬರುವ ಕ್ರಿಸ್‌ಮಸ್‌ಗೆ ಗದಗಿಗೆ ಅಣ್ಣನ ಮನೆಗೆ ಹೋಗುವುದೆಂದು ರೈಲ್ವೆ ಪಾಸಿಗೆ ಅರ್ಜಿ ಕೂಡ ಬರೆದರು. ಈಸ್ಟರ್ ಬರುವಷ್ಟರಲ್ಲಿ ಪ್ಯಾಂಟು ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ, ಕಣ್ಣು ಅರಿಶಿನವಾಗಿತ್ತು. ಪ್ರಾರ್ಥನೆಗೆ ಬಂದ ಹೆಂಗಸರು, "ಮುಖದಾಗ ಎಷ್ಟು ಕಳೆ ಬಂದೈತಲ್ಲಾ!" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಕಳೆಯಂತೆ ಕಳೆ!

ನಾನು ವಿಮಾ ಕಚೇರಿಯಲ್ಲಿ ಸತ್ತವರ ಕ್ಲೇಮು ನೋಡುವ ಸೆಕ್ಷನ್ನಿನಲ್ಲಿ ಇದ್ದವಳು. ಗಂಡನನ್ನು ಕಳೆದುಕೊಂಡ ಹೆಂಗಸರಿಗೆ ಎಲ್ಲಿ ಸಹಿ ಹಾಕಬೇಕು ಎಂದು ಬೆರಳಿಟ್ಟು ತೋರಿಸಿದವಳು. ಸಾವು ಎನ್ನುವ ಪದ ನನ್ನ ಬಾಯಿಗೆ ಉಪ್ಪು, ಸಕ್ಕರೆ ಎನ್ನುವಷ್ಟೇ ಸಲೀಸು. ಅಂಥವಳ ಬಾಯಿಗೆ ನನ್ನ ಮನೆಯಲ್ಲೇ ಬೀಗ ಬಿತ್ತು.

ನೋವು ಶುರುವಾದದ್ದು ಬೇಸಿಗೆಯಲ್ಲಿ. ಆಸ್ಪತ್ರೆಯಲ್ಲಿದ್ದ ಡಾಕ್ಟರು, ಚಿಕ್ಕ ವಯಸ್ಸಿನ ಹುಡುಗಿ, ನೋವು ಇಳಿಸುವುದಕ್ಕೆಂದೇ ಬೇರೆ ವಿಭಾಗವಿದೆ, ಅಲ್ಲಿ ಮಾರ್ಫಿನ್ ಗುಳಿಗೆ ಕೊಡುತ್ತಾರೆ ಎಂದಳು. ಅಲ್ಲಿಗೆ ಯಾರು ಯಾರು ಹೋಗುತ್ತಾರೆ ಎಂದು ನನ್ನ ಗಂಡ ತಮಿಳಿನಲ್ಲಿ ಕೇಳಿದರು. ಆ ಹುಡುಗಿ ಸುಳ್ಳು ಹೇಳಲಿಲ್ಲ, ಗುಣವಾಗುವ ಭರವಸೆ ಇಲ್ಲದವರು ಎಂದಳು. ಇವರು ಕೈ ಮುಗಿದು ಎದ್ದುಬಿಟ್ಟರು. ಆಟೋದಲ್ಲಿ ನಾನು ಬಾಯಿ ತೆರೆಯುವ ಮೊದಲೇ, "ಅದು ಬ್ಯಾಡ. ಅಲ್ಲಿಗೆ ಹೋದ್ರ ನಾನ ಒಪ್ಪಿಕೊಂಡಂಗ ಆಗತೈತಿ" ಎಂದರು.

ಮಾರ್ಫಿನ್ ಕೊಡಬಹುದಾದ ಆಸ್ಪತ್ರೆಯಿಂದ ಪ್ಯಾರಾಸಿಟಮಾಲ್ ಹಿಡಿದುಕೊಂಡು ಬಂದೆವು. ನೋವು ಬಂದಾಗ ಅವರು ಟವೆಲಿನ ತುದಿ ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನಾನು ಟವೆಲು ತೊಳೆಯುವಾಗ ಹಲ್ಲು ಊರಿದ ಜಾಗಗಳು ಕಾಣುತ್ತಿದ್ದವು. ಬುಧವಾರ ಹಿರಿಯರು ಬಂದು ಇದು ಶೋಧನೆ, ದೇವರು ಒಡ್ಡುವ ಪರೀಕ್ಷೆ, ಬಂಗಾರವನ್ನು ಬೆಂಕಿಗೆ ಹಾಕಿದ ಹಾಗೆ ಎಂದರು. ಬೆಂಕಿಗೆ ಬಿದ್ದವನು ನಿಮ್ಮ ತಮ್ಮನಾಗಿದ್ದರೆ ಹೀಗೆ ಅನ್ನುತ್ತಿದ್ದಿರಾ ಎಂದು ಕೇಳಬೇಕೆನಿಸಿತು. ಚಹಾ ಸೋಸಿಕೊಂಡು ಬಂದು ಕೊಟ್ಟೆ.

ನನಗೆ ಅವರಲ್ಲಿ ಒಂದು ಮಾತು ಕೇಳುವುದಿತ್ತು. ಸತ್ತ ಮೇಲೆ ನಿಮ್ಮನ್ನು ಎಲ್ಲಿ ಮಣ್ಣು ಮಾಡಲಿ?

ಚೆನ್ನೈಯಲ್ಲಿ ನಮ್ಮಂಥವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಊರೊಳಗಿನ ಹಳೆಯ ಸಮಾಧಿಭೂಮಿ ತುಂಬಿಹೋಗಿದೆ. ಮನೆಯವರ ಕುಣಿ ಮೊದಲೇ ಇದ್ದರೆ ಅದನ್ನೇ ಮತ್ತೆ ತೆಗೆದು ಒಳಗಿಡುತ್ತಾರೆ. ಅದಕ್ಕೂ, ಮೊದಲು ಹೋದವರು ಮಣ್ಣಾಗಲು ಇಂತಿಷ್ಟು ವರ್ಷ ಕಳೆದಿರಬೇಕು. ನಮ್ಮತ್ತೆ ಅಲ್ಲೇ ಇದ್ದಾರೆ, ಆದರೆ ಅವರ ವರ್ಷಗಳು ತುಂಬಿರಲಿಲ್ಲ. ಉಳಿದದ್ದು ಊರ ಹೊರಗಿನ ಹೊಸ ಜಾಗ, ಇಲ್ಲವೇ ಗದಗು. ಗದಗಿನಿಂದ ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಆಗಲೇ ನನಗೆ ಫೋನು ಮಾಡಿದ್ದರು. "ಹಂಗೇನೂ ಆಗಬಾರದು. ಆದ್ರ ಮಾತ್ರ ಇಲ್ಲಿಗೇ ತರೂಣು, ಅಪ್ಪನ ಮಗ್ಗಲಕ. ಅಂವ ನಮ್ಮ ಮನಿತನದಾಂವ. ನೀ ಅಂವಗ ಏನೂ ಹೇಳಾಕ ಹೋಗಬ್ಯಾಡವಾ, ಹೆದರ್ಕೋತಾನ" ಎಂದಿದ್ದರು.

ನನಗೆ ಅವರು ಹತ್ತಿರ ಬೇಕಾಗಿತ್ತು. ಇಷ್ಟೇ. ಗದಗಿಗೆ ಒಯ್ದರೆ ನಾನು ವರ್ಷಕ್ಕೊಮ್ಮೆ ರೈಲು ಹತ್ತಿ, ನೆಂಟರ ಮನೆಯಲ್ಲಿ ಊಟ ಮಾಡಿ, ಯಾರನ್ನೋ ಜೊತೆಗೆ ಕರೆದುಕೊಂಡು ಹೋಗಿ ಐದು ನಿಮಿಷ ನಿಂತು ಬರಬೇಕು. ಇಡೀ ಜನ್ಮ ಜಗಳವಾಡಿಕೊಂಡು ಒಟ್ಟಿಗಿದ್ದ ಮನುಷ್ಯನ ಹತ್ತಿರ ನಾನೊಬ್ಬಳೇ ಕುಳಿತು ಮಾತಾಡಲಾಗದಿದ್ದರೆ ಹೇಗೆ? ಅವರ ಬಾಯಿಂದಲೇ ಒಂದು ಮಾತು ಬಂದರೆ ಭಾವನವರು ತುಟಿಪಿಟಕ್ಕೆನ್ನುತ್ತಿರಲಿಲ್ಲ. ಆದರೆ ಕೇಳುವುದು ಹೇಗೆ? ಗೋಡೆಯ ಮೇಲೆ ದೀರ್ಘಾಯುಷ್ಯ ತೂಗುತ್ತಿತ್ತು.

ಮಗನಿಗೆ ಹೇಳಿದೆ. ಅವನು ಅಣ್ಣಾ ನಗರದ ಒಂದು ಬ್ಯಾಂಕಿನಲ್ಲಿದ್ದಾನೆ, ನಮ್ಮ ಜೊತೆಗೇ ಇರುತ್ತಾನೆ. ನಾನು ಕನ್ನಡದಲ್ಲಿ ಕೇಳಿದರೆ ಅವನ ಉತ್ತರ ತಮಿಳಿನಲ್ಲಿ. "ವೇಂಡಾಮ್ಮಾ. ಅಪ್ಪಾ ಒಡೆಂಜು ಪೋಯಿಡುವಾರು" ಎಂದ. ಬೇಡವಂತೆ, ಅಪ್ಪ ಕುಸಿದುಹೋಗುತ್ತಾರಂತೆ. ಆ ಮಂಚದ ಮೇಲೆ ಕುಸಿಯಲು ಇನ್ನೇನು ಉಳಿದಿತ್ತೋ ನನಗೆ ಕಾಣಲಿಲ್ಲ.

ಒಂದು ಶನಿವಾರ ಮಗ ಕೋಯಂಬೇಡಿಗೆ ಹೋಗಿ ತರಕಾರಿ ತಂದ. ಅದು ನನ್ನ ಗಂಡನ ಕೆಲಸವಾಗಿತ್ತು. ಶನಿವಾರ ಬೆಳಕು ಹರಿಯುವ ಮೊದಲೇ ಮಾರ್ಕೆಟ್ಟಿಗೆ ಹೋಗಿ ಹಮಾಲರ ಜೊತೆ ವಾದ ಮಾಡಿಕೊಂಡು ಬರುವುದೆಂದರೆ ಅವರಿಗೆ ಹಬ್ಬ. ಮಂಚದಿಂದಲೇ ಚೀಲ ತರಿಸಿ ನೋಡಿದರು. "ಬದನಿಕಾಯಿ ಹಿಂಗ ತರ್ತಾರೇನ್ಲೇ? ತೊಟ್ಟು ನೋಡಬೇಕು, ತೊಟ್ಟು!" ಎಂದು ಬೈದರು. ಮಗ ನಕ್ಕು ಸ್ನಾನಕ್ಕೆ ಹೋದ. ಅವರ ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಈಗ ಬಿಟ್ಟರೆ ಇಲ್ಲ ಎನಿಸಿತು ನನಗೆ.

"ಏನ್ರೀ, ಒಂದು ಮಾತು ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ."

"ಕೇಳು."

"ನಾಳೆ ಏನರ ಆದ್ರ, ನಿಮ್ಮನ್ನ ಗದಗಿಗೆ ಒಯ್ಯಬೇಕೋ, ಇಲ್ಲೇ ಇಡಬೇಕೋ?"

ಅವರು ಕೈಯಲ್ಲಿದ್ದ ಬದನೆಕಾಯಿಯನ್ನು ಎತ್ತಿ ಒಗೆದರು. ಒಗೆಯುವಷ್ಟು ಶಕ್ತಿ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. "ಇನ್ನ ಜೀವಾ ಹೋಗಿಲ್ಲ, ಆಗ್ಲೇ ಕುಣಿ ತೋಡಾಕತ್ತಿ! ಮಂದಿ ಎಲ್ಲಾ ನನ್ನ ಸಲುವಾಗಿ ಪ್ರಾರ್ಥನಿ ಮಾಡಾಕತ್ತಾರ, ಕಟಗೊಂಡ ಹೆಂಡತಿ ನನ್ನ ಹುಗದ ಬಿಟ್ಟಳು!" ಎಂದರು. ಹೇಳಿ ಗೋಡೆಯ ಕಡೆ ತಿರುಗಿದರು. ನಾನು ನೆಲದ ಮೇಲೆ ಬಿದ್ದ ಬದನೆಕಾಯಿ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವತ್ತೇ ಅದರ ಎಣ್ಣೆಗಾಯಿಯನ್ನೂ ಮಾಡಿದೆ.

ಆಮೇಲೆ ನನ್ನೊಡನೆ ಮಾತು ನಿಂತಿತು. ನೀರು ಬೇಕಾದರೂ ಮಗನನ್ನು ಕರೆಯುತ್ತಿದ್ದರು. ಬೆನ್ನು ಒರೆಸಲು ಹೋದರೆ ಮೈ ಬಿಗಿ ಹಿಡಿಯುತ್ತಿದ್ದರು. ನನಗೆ ಹೆದರಿಕೆಯಾದದ್ದು ಸಾವಿಗಲ್ಲ, ಹೀಗೆ ಮಾತು ಬಿಟ್ಟುಕೊಂಡೇ ಹೋಗಿಬಿಟ್ಟರೆ ಎಂದು.

ಬುಧವಾರ ಹಿರಿಯರು ಬಂದರು. ನನ್ನ ಗಂಡ ಎಲ್ಲವನ್ನೂ ಅವರಿಗೆ ಮೊದಲೇ ಫೋನಿನಲ್ಲಿ ಹೇಳಿದ್ದರು. ಪ್ರಾರ್ಥನೆಯ ನಡುವೆ ಹಿರಿಯರು ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, ಈ ಮನೆಯಲ್ಲಿ ಹೊಕ್ಕ ಅವಿಶ್ವಾಸದ ಆತ್ಮವೇ ಹೊರಟುಹೋಗು ಎಂದು ಗದರಿಸತೊಡಗಿದರು. ಗಾರ್ಡಿನ ಗಂಟಲು ಬೇರೆ. ಬಾಗಿಲಲ್ಲಿ ಪಕ್ಕದ ಮನೆಯ ತಮಿಳು ಹೆಂಗಸು ಬಂದು ನಿಂತು ನೋಡುತ್ತಿದ್ದಳು.

"ಅಣ್ಣಾರ, ಕೈ ತಗೀರಿ" ಎಂದೆ.

ಅವರು ನಿಲ್ಲಿಸಲಿಲ್ಲ. ಆಗ ನಾನೇ ಅವರ ಕೈ ಹಿಡಿದು ಕೆಳಗಿಳಿಸಿದೆ. "ನನ್ನ ತಲಿಗೆ ಏನಾಗೇತಿ? ಅಲ್ಲಿ ಮಲಗ್ಯಾರ ನೋಡ್ರಿ, ಟವೆಲ್ ಕಡಕೊಂಡು. ಅವರ ನೋವು ತಗೀರಿ. ತಗ್ಯಾಕ ಆಗೂದಿಲ್ಲಂದ್ರ, ಗುಳಿಗಿ ತಗೋಳಪಾ ಅಂತ ಒಂದು ಮಾತು ಹೇಳ್ರಿ. ನಿಮ್ಮ ಮಾತು ಕೇಳ್ತಾರ. ನಾ ದೇವರನ್ನ ಬಿಟ್ಟಿಲ್ಲ. ಬಿಟ್ಟಿದ್ರ ನಿಮಗ ಚಾ ಯಾಕ ಮಾಡ್ತಿದ್ನಿ?" ಎಂದೆ. ಕೊನೆಯ ಮಾತು ಯಾಕೆ ಬಂತೋ ನನಗೂ ತಿಳಿಯದು. ಸ್ವಲ್ಪ ಹೊತ್ತಿಗೆ ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಹೋದರು.

ನಾನು ಚಾಪೆ ಸುತ್ತುತ್ತಿದ್ದೆ. ಮಂಚದಿಂದ ದನಿ ಬಂತು.

"ಏ, ಬಾ ಇಲ್ಲೆ."

ಹೋಗಿ ಕುಳಿತೆ.

"ಹಿರಿಯಾರಿಗೆ ಹಂಗ ಅಂತಾರೇನು?"

"ಅಂದೆ. ಏನ್ ಮಾಡ್ತೀರಿ?"

ಅವರು ಚಾವಣಿ ನೋಡುತ್ತ ಮಲಗಿದ್ದರು. "ನನಗೇನು ಗೊತ್ತಿಲ್ಲಂತ ತಿಳದಿಯೇನು? ಬೋಗಿಗೆ ಬಣ್ಣಾ ಹಚ್ಚಿ ಮುದುಕ ಆದಾಂವ ನಾನು. ಮ್ಯಾಲೆ ಎಷ್ಟ ಹಚ್ಚಿದ್ರೂ ಒಳಗ ತುಕ್ಕು ಎಷ್ಟ ತಿಂದೈತಿ ಅಂತ ಕೈಯಾಡಿಸಿದ್ರ ಗೊತ್ತಾಗತೈತಿ."

"ಮತ್ತ ಯಾಕ್ರೀ ಬಾಯಿ ಬಿಡಲಿಲ್ಲ?"

"ಬಿಟ್ರ ಆ ಮಾತು ಸುಳ್ಳಾಗತೈತಲ್ಲ! ನನ್ನ ಕೈಯಾಗ ಬಂದದ್ದು ಅದು. ಮಗಾ ನೋಡ್ಯಾನ, ಸಭಿ ನೋಡೇತಿ. ದೇವರನ್ನ ಸುಳ್ಳಗಾರನ್ನ ಮಾಡಿ ಸಾಯಲೇನು ನಾನು?"

ಅಯ್ಯೋ ಮನುಷ್ಯನೇ! ಇಷ್ಟು ದಿನ ಹಲ್ಲು ಕಚ್ಚಿಕೊಂಡು ಮಲಗಿದ್ದದ್ದು ಗುಣವಾಗುತ್ತೇನೆ ಎಂಬ ನಂಬಿಕೆಯಿಂದಲ್ಲ. ದೇವರ ಮಾನ ಕಾಯಲು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. "ದೇವರ ಮರ್ಯಾದಿ ದೇವರು ನೋಡ್ಕೋತಾನ್ರಿ. ಅಂವಗ ನಿಮ್ಮ ಟವೆಲ್ ಬೇಕಾಗಿಲ್ಲ. ನಾಳೆ ಆಸ್ಪತ್ರಿಗೆ ಹೋಗೂಣು, ಆ ಗುಳಿಗಿ ತಗೋರಿ" ಎಂದೆ. ಅವರು ನನ್ನ ಕಡೆ ತಿರುಗಿದರು. ಆಮೇಲೆ, "ಅವತ್ತು ಏನೋ ಕೇಳಿದ್ದಿ" ಎಂದರು.

"ಎಲ್ಲೆ ಇಡಲಿ ಅಂತ ಕೇಳಿದ್ದೆ."

"ಎಲ್ಲೆ ಹುಗದ್ರೂ ಕಡೀ ದಿನ ಸತ್ತವರನ್ನ ಎಬ್ಬಸಾಂವಗ ಗೊತ್ತಿರತೈತಿ."

"ಅಂವಗ ಗೊತ್ತಿರತೈತಿ. ಹೂವು ತೊಗೊಂಡ ಬರಾಕಿ ನಾನು. ನನಗ ಗೊತ್ತಾಗಬೇಕೋ ಬ್ಯಾಡೋ?"

ಅವರಿಗೆ ನಗು ಬಂತು. ನಕ್ಕರೆ ಹೊಟ್ಟೆ ಹಿಡಿಯುತ್ತಿತ್ತು, ಆದರೂ ತಡೆಯಲಾಗದೆ ನಕ್ಕರು, ಕಣ್ಣಲ್ಲಿ ನೀರು ಬಂತು. ನನ್ನ ಕೈ ಹಿಡಿದುಕೊಂಡರು. "ಬಸ್ಸಿರೂ ಕಡೆ ಹಾಕು. ನಿನಗ ಮಣಕಾಲ ನೋವು" ಎಂದರು.

ಮರುದಿನ ಆಸ್ಪತ್ರೆಗೆ ಹೋದೆವು. ಗುಳಿಗೆ ನುಂಗಿದ ಮೇಲೆ ಅವರು ಅಷ್ಟು ದಿನಗಳಲ್ಲಿ ಮೊದಲ ಸಲ ಬಾಯಿ ತೆರೆದು ಗೊರಕೆ ಹೊಡೆದರು. ಆಮೇಲಿನ ದಿನಗಳು ಒಳ್ಳೆಯವು ಎಂದು ಬರೆಯಲಾರೆ. ಹೊಟ್ಟೆ ಉಬ್ಬಿತು, ಕಾಲು ಒಡೆದು ನೀರು ಸುರಿಯಿತು, ಮನೆ ತುಂಬ ಡೆಟಾಲಿನ ವಾಸನೆ. ಆದರೆ ಬಾಯಿಗೆ ಹಾಕಿದ ಬೀಗ ಹೋಗಿತ್ತು. ಯಾವ ಅಂಗಿ ಹಾಕಬೇಕು, ಯಾವ ಹಾಡು ಬೇಡ, ಮಗನಿಗೆ ಬದನೆಕಾಯಿ ಆರಿಸಲು ಯಾರು ಕಲಿಸಬೇಕು, ಎಲ್ಲ ಮಾತಾಡಿದೆವು. ಒಂದು ದಿನ, "ಮನಿಗೆ ಒಂದ ಮಾತು ಅಲ್ಲೇನು? ಆ ದೀರ್ಘಾಯುಷ್ಯ ನಿನಗ ಕೊಟ್ಟಿರಬೇಕು, ನೋಡು" ಎಂದರು. ಸಮಾಧಾನ ಮಾಡಲೆಂದೇ ಹೇಳಿದರು. ಅದಕ್ಕಿಂತ ಕೆಟ್ಟ ಮಾತನ್ನು ನಾನು ಕೇಳಿಲ್ಲ. ಅವರಿಲ್ಲದ ದೀರ್ಘಾಯುಷ್ಯ ಇಟ್ಟುಕೊಂಡು ನಾನೇನು ಮಾಡಲಿ ಎಂದೆ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ, ಮಗ ಷೇವ್ ಮಾಡಿಕೊಳ್ಳುತ್ತಿದ್ದಾಗ, ಹೋದರು. ನಾನು ಪಕ್ಕದಲ್ಲೇ ಇದ್ದೆ. ಹಿರಿಯರು ಓಡಿ ಬಂದರು, ಮಂಚದ ಕಾಲು ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ವಾಗ್ದಾನದ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರುದಿನ ಭಾವನವರು ಗದಗಿನಿಂದ ವ್ಯಾನು ಮಾಡಿಕೊಂಡೇ ಬಂದಿಳಿದರು. ಅಂಗಳದಲ್ಲಿ ಎಲ್ಲರ ಮುಂದೆ, "ನಡೀರಿ, ತಡಾ ಆಗತೈತಿ, ಊರಿಗೆ ಒಯ್ಯೂಣು" ಎಂದರು.

"ಅವರು ಇಲ್ಲೇ ಅಂದಾರ" ಎಂದೆ.

"ಯಾವಾಗ? ಏನಂದಾ?"

"ಬಸ್ಸಿರೂ ಕಡೆ ಹಾಕು, ನಿನಗ ಮಣಕಾಲ ನೋವು ಅಂದ್ರು."

ಭಾವನವರು ನನ್ನ ಮುಖವನ್ನೇ ನೋಡಿದರು. ಬೇರೆ ಏನು ಹೇಳಿದ್ದರೂ ನಾನು ಕಟ್ಟಿ ಹೇಳುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು. ಇದು ತಮ್ಮನ ಮಾತೇ ಎಂದು ಅವರಿಗೆ ತಿಳಿಯಿತು. ಟವೆಲಿನಿಂದ ಮುಖ ಮುಚ್ಚಿಕೊಂಡು ವ್ಯಾನಿನವನಿಗೆ ಕೈ ಸನ್ನೆ ಮಾಡಿ ಹೋಗು ಎಂದರು.

ಊರ ಹೊರಗಿನ ಹೊಸ ಸಮಾಧಿಭೂಮಿಗೆ ಕೋಯಂಬೇಡಿನಿಂದ ನೇರ ಬಸ್ಸಿದೆ. ಅಲ್ಲೇ ಇಟ್ಟೆವು. ಮಣ್ಣು ಇಳಿದು ಗಟ್ಟಿಯಾಗುವವರೆಗೆ ಕಲ್ಲು ಕೂರಿಸಬಾರದೆಂದು ಒಂದು ಮರದ ಶಿಲುಬೆ ನೆಟ್ಟು ಬಂದೆವು. ಭಾನುವಾರ ಮಧ್ಯಾಹ್ನ ಹೋಗಿ ಕುಳಿತು ಬರುತ್ತಿದ್ದೆ. ಮನೆಯ ಸುದ್ದಿ ಹೇಳುತ್ತಿದ್ದೆ, ಬೈಯುವುದಿದ್ದರೆ ಬೈಯುತ್ತಿದ್ದೆ.

ಆಮೇಲೆ ಅಕ್ಟೋಬರಿನಲ್ಲಿ ಚೆನ್ನೈಯ ಮಳೆಗಾಲ ಶುರುವಾಯಿತು. ಬೀದಿಯಲ್ಲಿ ನೀರು ನಿಂತು ಕೆಲವು ವಾರ ಹೋಗಲಾಗಲಿಲ್ಲ. ಮಳೆ ಬಿಟ್ಟ ಮೇಲೆ ಕೋಯಂಬೇಡಿನಲ್ಲಿ ಸೇವಂತಿಗೆ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಗೇಟು ದಾಟಿ ನೋಡಿದರೆ ಆ ಸಾಲಿನಲ್ಲಿ ಒಂದು ಶಿಲುಬೆಯೂ ನಿಂತಿರಲಿಲ್ಲ. ಮಣ್ಣು ಕುಸಿದು ಎಲ್ಲ ಒಂದೇ ಸಮ ಆಗಿತ್ತು. ಮರದ ತುಂಡುಗಳು ಬೇಲಿಯ ಹತ್ತಿರ ಕೆಸರಿನಲ್ಲಿ ಬಿದ್ದಿದ್ದವು, ಬಣ್ಣ ಹೋಗಿ ಯಾರ ಹೆಸರೂ ಓದಲು ಬರುತ್ತಿರಲಿಲ್ಲ. ಕಾವಲುಗಾರ ಬಂದು ಎರಡನೆಯದು ನಿಮ್ಮದು ಎಂದ. ಮಗನಿಗೆ ಫೋನು ಮಾಡಿದೆ; ಅವನು ಅವತ್ತು ತೆಗೆದ ಫೋಟೋ ನೋಡಿ, ಇಲ್ಲಮ್ಮ, ಬೇಲಿಯಿಂದ ಲೆಕ್ಕ ಹಾಕಿದರೆ ಮೂರನೆಯದು ಎಂದ. ಬೇಲಿಯೇ ಅರ್ಧ ಬಿದ್ದುಹೋಗಿತ್ತು.

ಅಲ್ಲಿ ನಿಂತು ನಾನು ಕೂಗಾಡಿದೆ. ಕಾವಲುಗಾರನ ಮೇಲಲ್ಲ, ದೇವರ ಮೇಲೆ. ಇಷ್ಟೊಂದು ಜಗಳವಾಡಿ ಹತ್ತಿರ ಇಟ್ಟುಕೊಂಡೆ, ಅದನ್ನೂ ಕಲಸಿಬಿಟ್ಟೆಯಲ್ಲ ಎಂದೆ. ಆ ಮನುಷ್ಯ ನಿನ್ನ ಮಾತು ಉಳಿಸಲು ಟವೆಲು ಕಚ್ಚಿದ, ನೀನು ಅವನ ಶಿಲುಬೆ ಒಂದು ಮಳೆಯಲ್ಲಿ ಉಳಿಸಲಿಲ್ಲ ಎಂದೆ. ಕಾವಲುಗಾರ ಹೆದರಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು ದೂರ ಹೋಗಿ ನಿಂತ. ಕುಳಿತೆ. ದನಿ ಸೋತಿತು. ಹೂವನ್ನು ಮೂರು ತುಂಡು ಮಾಡಿ ಎರಡನೆಯದಕ್ಕೂ ಮೂರನೆಯದಕ್ಕೂ ಹಾಕಿದೆ, ಯಾವುದಕ್ಕೂ ಇರಲಿ ಎಂದು ನಾಲ್ಕನೆಯದಕ್ಕೂ ಹಾಕಿದೆ. ನನಗೆ ಗೊತ್ತಿಲ್ಲಪ್ಪಾ ದೇವರೇ, ನಿನಗೆ ಗೊತ್ತಿರಬೇಕು, ಎಬ್ಬಿಸುವ ದಿನ ತಪ್ಪು ಮಾಡಬೇಡ ಎಂದೆ. ಗೇಟಿನಾಚೆ ಬಸ್ಸು ಬಂದು ನಿಂತ ಸದ್ದಾಯಿತು. ಆ ಬಸ್ಸು ಬಿಟ್ಟುಬಿಟ್ಟೆ, ಮುಂದಿನದಕ್ಕೆ ಹೋದೆ.